ಗಿರಣಿ ನಿಂತಾಗಿನ ಹಾಡು

ನಾನು ಹಾಡುವುದು ಮಿಕ್ಸಿ ಓಡುವಾಗ ಮಾತ್ರ. ಚಟ್ನಿ ನುಣ್ಣಗಾಯಿತೆಂದು ಗುಂಡಿ ತಿರುಗಿಸಿದ ಕೂಡಲೇ ಬಾಯಿಯೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಮದುವೆಯಾಗಿ ಚನ್ನಗಿರಿಗೆ ಬಂದ ಹೊಸತರಲ್ಲಿ ನನ್ನ ಗಂಡ ಇದನ್ನು ಪತ್ತೆ ಹಚ್ಚಿ, ದೊಡ್ಡ ಸಂಶೋಧನೆ ಮಾಡಿದವರ ಹಾಗೆ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಅವರ ಜೊತೆ ನಾನೂ ನಗುತ್ತಿದ್ದೆ, ಒಳಗೊಳಗೆ ಸಿಟ್ಟು ಬರುತ್ತಿತ್ತು. ಕೆಲವರಿಗೆ ನಾಯಿಯ ಭಯ ಇರುತ್ತದೆ, ಕೆಲವರಿಗೆ ನೀರಿನ ಭಯ. ನನಗೆ, ಸದ್ದಿಲ್ಲದ ಮನೆಯಲ್ಲಿ ನನ್ನ ದನಿ ಯಾರಿಗಾದರೂ ಕೇಳಿಸಿಬಿಟ್ಟರೆ ಎಂಬ ಭಯ. ಅದು ಎಲ್ಲಿಂದ ಅಂಟಿಕೊಂಡಿತು ಎಂದು ಹೇಳಬೇಕಾದರೆ ಹೊನ್ನಾಳಿಯ ಮನೆಗೇ ಹೋಗಬೇಕು.

ಆ ಮನೆಗೆ ಮುಂದೆ ಹಿಟ್ಟಿನ ಗಿರಣಿ, ಹಿಂದೆ ಸಂಸಾರ. ಬೀದಿಗೆ ತೆರೆದ ಉದ್ದನೆಯ ಕೋಣೆಯಲ್ಲಿ ಮೋಟಾರು, ಅಂಗೈ ಅಗಲದ ಬೆಲ್ಟು, ಜೋಳ ರಾಗಿ ಬೀಸುವ ದೊಡ್ಡ ಕಲ್ಲು, ಮೂಲೆಯಲ್ಲಿ ಖಾರದಪುಡಿ ಮಾಡುವ ಬೇರೆ ಯಂತ್ರ. ಅದರ ಹಿಂದಿನ ಬಾಗಿಲು ದಾಟಿದರೆ ಪಡಸಾಲೆ, ಅಡುಗೆಮನೆ, ಅಜ್ಜಿಯ ದೇವರ ಮೂಲೆ, ಹಿತ್ತಿಲಲ್ಲಿ ಒಂದು ಬೇವಿನ ಮರ. ಗಾಳಿ ಆ ಕಡೆಯಿಂದ ಬೀಸಿದರೆ ತುಂಗಭದ್ರೆಯ ಕೆಸರಿನ ವಾಸನೆ ಹಿತ್ತಿಲ ತನಕ ಬರುತ್ತಿತ್ತು. ಮನೆಯಲ್ಲಿ ಏನನ್ನು ಮುಟ್ಟಿದರೂ ಬೆರಳಿಗೆ ಹಿಟ್ಟು. ಲೋಟದ ಅಂಚಿನಲ್ಲಿ, ನನ್ನ ಪುಸ್ತಕಗಳ ನಡುವೆ, ದಿಂಬಿನ ಮೇಲೆ, ಎಲ್ಲೆಲ್ಲೂ ಹಿಟ್ಟು. ಅಜ್ಜಿಯ ಹುಬ್ಬು ಬೆಳ್ಳಗಾಗಿದ್ದು ವಯಸ್ಸಿನಿಂದಲೋ ಗಿರಣಿಯಿಂದಲೋ ಎಂದು ನನಗೆ ಬಹಳ ಕಾಲ ಅನುಮಾನವಿತ್ತು. ಬೆಳಿಗ್ಗೆ ಕರೆಂಟ್ ಬಂದ ಕೂಡಲೇ ಕಲ್ಲು ತಿರುಗತೊಡಗಿದರೆ ಗೋಡೆ, ನೆಲ, ಅಡುಗೆಮನೆಯ ಡಬ್ಬಿಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ಮಾತಾಡಬೇಕಾದರೆ ಕೂಗಬೇಕಿತ್ತು. ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಗಂಟಲಿನವಳು ಎಂದು ಕರೆಯುತ್ತಿದ್ದರೆ ಅದರ ಪಾಪ ಗಿರಣಿಗೆ ಸೇರಬೇಕು.

ಅಪ್ಪ ಈ ಗಿರಣಿ ಹಾಕುವ ಮೊದಲು ಅಸ್ಸಾಮಿನಲ್ಲಿ ಮಿಲಿಟರಿಯವರ ರಸ್ತೆ ಕೆಲಸದಲ್ಲಿ ರೋಲರ್ ಓಡಿಸುತ್ತಿದ್ದ. ಬ್ರಹ್ಮಪುತ್ರದ ದಂಡೆಯ ಊರೊಂದರಲ್ಲಿ ಅವ್ವನನ್ನು ನೋಡಿ, ಅವಳ ಮನೆಯವರನ್ನು ಹೇಗೋ ಒಪ್ಪಿಸಿ ಮದುವೆಯಾಗಿ, ಕೆಲಸ ಮುಗಿದ ಮೇಲೆ ಊರಿಗೆ ಕರೆತಂದ. ಹೊಸ ಸೊಸೆಗೆ ಬಾಗಿಲಲ್ಲಿ ಆರತಿ ಎತ್ತಿದ್ದು ಅಜ್ಜಿ, ಅಂದರೆ ಅಪ್ಪನ ತಾಯಿ. ಆರತಿ ಎತ್ತುವಾಗ ಅಜ್ಜಿಯ ಮುಖ ಪೂರ್ತಿ ಬೀದಿಯ ಕಡೆಗಿತ್ತು ಎಂದು ಅವ್ವನೇ ಆಮೇಲೆ ನಕ್ಕೊಂಡು ಹೇಳುತ್ತಿದ್ದಳು. ಅಜ್ಜಿಯದು ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಸೋಮವಾರ ಒಪ್ಪೊತ್ತು ಊಟದ ಶಿಸ್ತಿನ ಬದುಕು. ಅವ್ವ ಆ ಶಿಸ್ತಿಗೆ ಬೇಗ ಹೊಂದಿಕೊಂಡಳು. ಮೀನು ಬಿಟ್ಟಳು, ಕನ್ನಡ ಕಲಿತಳು, ರೊಟ್ಟಿ ಬಡಿಯುವುದನ್ನು ಕಲಿತಳು. ಅವಳು ಬಿಡದೇ ಇದ್ದದ್ದು ಎರಡು. ಮೊದಲನೆಯದು ಬಾಳೆದಿಂಡಿನ ಸಿಪ್ಪೆಯನ್ನು ಸುಟ್ಟು, ಆ ಬೂದಿಯ ನೀರು ಸೋಸಿ ಮಾಡುವ ಒಂದು ಸಾರು. ಅದು ಅವರ ಕಡೆ ಊಟದ ಮೊದಲ ತುತ್ತಿಗೆ ಬೇಕೇ ಬೇಕಂತೆ. ಅಜ್ಜಿ ಅದನ್ನು ಕಂಡಾಗಲೆಲ್ಲ ಸಿಡಿಯುತ್ತಿದ್ದಳು.

"ಮಗೀಗೆ ಬೂದಿ ತಿನ್ನಿಸ್ತೀಯೇನೇ?"

"ನೀವು ಬೂದಿ ಹಣೆಗೆ ಹಚ್ಕಂತೀರಿ ಅತ್ತೆ, ನಾನು ಸಾರಿಗೆ ಹಾಕ್ತೀನಿ. ಎಲ್ಡೂ ಒಳ್ಳೇದಕ್ಕೇ ಐತೆ."

ಅಜ್ಜಿ ಹಿತ್ತಿಲಿಗೆ ಹೋಗಿ ಇಲ್ಲದ ಬೆಕ್ಕನ್ನು ಗದರಿಸಿ ಬರುತ್ತಿದ್ದಳು. ಆದರೆ ಅವ್ವ ಬಿಡದ ಎರಡನೆಯದಕ್ಕೆ ಇಂಥ ತಮಾಷೆಯ ಉತ್ತರ ಇರಲಿಲ್ಲ. ಅದು ಹಾಡು.

ಅವ್ವನ ತವರಿನಲ್ಲಿ ಹಾಡು ಬಾರದವರನ್ನು ಹುಡುಕಬೇಕಂತೆ. ಅವಳ ಅಪ್ಪ ಊರಿನ ನಾಮಘರದಲ್ಲಿ ಖೋಲ್ ಎಂಬ ಮಣ್ಣಿನ ಮದ್ದಳೆ ಬಾರಿಸುತ್ತಿದ್ದ. ನಾಮಘರವೆಂದರೆ ಅವರ ಪ್ರಾರ್ಥನೆಯ ಮನೆ. ಅಲ್ಲಿ ಮೂರ್ತಿ ಇಲ್ಲ, ಪೀಠದ ಮೇಲೆ ಒಂದು ಪುಸ್ತಕ ಇಟ್ಟಿರುತ್ತಾರೆ, ಅದರ ಮುಂದೆ ಕೂತು ಹಾಡುತ್ತಾರೆ. ಗಂಡಸರದ್ದು ರಾಗವಾಗಿ ಎಳೆದು ಹಾಡುವ ಗಂಭೀರ ಹಾಡುಗಳು. ಹೆಂಗಸರದ್ದು ನಾಮ. ಒಬ್ಬಳು ಒಂದು ಸಾಲು ಹೇಳುತ್ತಾಳೆ, ಸಾಲಾಗಿ ಕೂತ ಉಳಿದವರು ಚಪ್ಪಾಳೆ ತಟ್ಟುತ್ತ ತಿರುಗಿ ಹೇಳುತ್ತಾರೆ, ಮೊದಲು ನಿಧಾನವಾಗಿ, ಹೋಗ್ತಾ ಹೋಗ್ತಾ ಉಸಿರು ಸಿಕ್ಕದಷ್ಟು ಜೋರಾಗಿ. ನಮ್ಮ ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ ಅವರ ಬಿಹು ಬರುತ್ತದೆ. ಆಗ ಡೋಲು, ಎಮ್ಮೆಯ ಕೊಂಬಿನ ಪೀಪಿ, ಬಯಲಲ್ಲಿ ಕುಣಿತ, ಹುಡುಗ ಹುಡುಗಿಯರು ಒಬ್ಬರನ್ನೊಬ್ಬರು ಕೆಣಕುವ ಹಾಡು. ಇದೆಲ್ಲ ಅವ್ವನ ಟ್ರಂಕಿನಲ್ಲಿ ಒಂದು ಜೊತೆ ಸಣ್ಣ ಹಿತ್ತಾಳೆಯ ತಾಳವಾಗಿ ಉಳಿದಿತ್ತು. ಕೆಂಪು ಅಂಚಿನ ಬಿಳಿಯ ಗಮೋಸಾದಲ್ಲಿ, ಅಂದರೆ ಅವರು ಹೆಗಲಿಗೆ ಹಾಕುವ ವಸ್ತ್ರದಲ್ಲಿ, ಸುತ್ತಿಟ್ಟಿದ್ದಳು. ನಾನು ಮುಟ್ಟಲು ಹೋದರೆ ಕೈ ತೊಳೆದು ಬಾ ಎನ್ನುತ್ತಿದ್ದಳು.

ತೊಂದರೆ ಶುರುವಾಗಿದ್ದು ಹಾಡಿನಿಂದಲ್ಲ, ಊರಿನ ಬಾಯಿಯಿಂದ. ಅಸ್ಸಾಮು ಅಂದರೆ ಕಾಮಾಖ್ಯ ದೇವಿಯ ಗುಡಿ, ಕಾಮಾಖ್ಯ ಅಂದರೆ ಮಾಟ ಎಂದು ಯಾರೋ ಹೇಳಿಟ್ಟಿದ್ದರು. ಅವ್ವ ಬಂದ ಹೊಸತರಲ್ಲಿ, ಹಿಟ್ಟು ಬೀಸಿಸಲು ಬಂದವರ ಎದುರೇ ಗುನುಗಿಕೊಳ್ಳುತ್ತ ಕಾಳು ಸುರಿಯುತ್ತಿದ್ದಳಂತೆ. ಎದುರು ಮನೆಯ ಗೌರಕ್ಕ ಅದನ್ನು ಕೇಳಿ ಬೀದಿಗೆಲ್ಲ ಹಂಚಿದಳು.

"ಆ ಕಡೆ ಹೆಂಗಸ್ರು ಮಂತ್ರ ಹಾಕಿ ಗಂಡಸ್ರನ್ನ ಟಗರು ಮಾಡ್ತಾರಂತೆ ಕಣ್ರೇ. ಇವ್ಳು ನಮ್ಮ ಹಿಟ್ಟಿಗೆ ಏನು ಉಸುರ್ತಾಳೋ ಯಾರಿಗೆ ಗೊತ್ತು."

ಅಪ್ಪ ಇದನ್ನು ಕೇಳಿ, "ಟಗರು ಮಾಡಿದ್ರೆ ಚೆನ್ನಾಗಿತ್ತು, ದಿನಾ ಬೆಲ್ಟು ಹಾಕೋದು ತಪ್ತಿತ್ತು" ಎಂದು ನಕ್ಕುಬಿಟ್ಟ. ಅಜ್ಜಿಗೆ ನಗು ಬರಲಿಲ್ಲ. ಕೆಲವು ಮನೆಯವರು ರಾಗಿ ಚೀಲ ಹೊತ್ತು ನಮ್ಮ ಬಾಗಿಲ ಮುಂದೆಯೇ ಹಾದು ಬೇರೆ ಗಿರಣಿಗೆ ಹೋಗತೊಡಗಿದ್ದರು. ಗಿರಣಿ ನಿಂತರೆ ಮನೆ ನಿಂತಂತೆ. ಅಜ್ಜಿ ಸೊಸೆಯನ್ನು ಕರೆದು ಒಂದೇ ಮಾತು ಹೇಳಿದಳು:

"ಯಾರ ಕಿವಿಗೂ ನಿನ್ನ ಹಾಡು ಬೀಳಬಾರದು. ಬಿದ್ರೆ ನಾವೆಲ್ಲಾ ಉಪಾಸ ಕುಂದ್ರಬೇಕಾಕ್ಕೈತೆ."

ಅವ್ವ ಆ ಮಾತನ್ನು ಅಕ್ಷರಶಃ ಪಾಲಿಸಿದಳು. ಯಾರ ಕಿವಿಗೂ ಬೀಳಬಾರದು ತಾನೇ? ಕಲ್ಲು ತಿರುಗುವಾಗ ಹಾಡಿದರೆ ಪಕ್ಕದಲ್ಲಿ ನಿಂತವರಿಗೂ ಕೇಳಿಸುವುದಿಲ್ಲ. ತುಟಿ ಆಡುವುದು ಕಂಡರೆ ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ನಾನು ಹುಟ್ಟಿ ಬುದ್ಧಿ ತಿಳಿಯುವ ಹೊತ್ತಿಗೆ ಇದು ನಮ್ಮ ಮನೆಯ ಪದ್ಧತಿಯೇ ಆಗಿತ್ತು. ರಾಗಿಗೆ ಬಿಹು ಹಾಡು, ಯಾಕೆಂದರೆ ರಾಗಿ ಬೇಗ ಮುಗಿಯುತ್ತದೆ. ಜೋಳಕ್ಕೆ ನಾಮ. ಅಕ್ಕಿಗೆ ಮದುವೆ ಮನೆಯಲ್ಲಿ ಗಂಡಿನ ಕಡೆಯವರನ್ನು ಗೇಲಿ ಮಾಡುವ ಹಾಡು, ಅದರಲ್ಲಿ ಗಂಡಿನ ಜಾಗಕ್ಕೆ ಅಪ್ಪನ ಹೆಸರು. ಖಾರದಪುಡಿಗೆ ಹಾಡಿಲ್ಲ, ಬರೀ ಕೆಮ್ಮು. ನಾನು ಅವಳ ಸೊಂಟಕ್ಕೆ ಕಿವಿ ಒತ್ತಿ ನಿಲ್ಲುತ್ತಿದ್ದೆ. ಮೇಲಿನ ತಗಡಿನ ಬುಟ್ಟಿಯಿಂದ ಕಾಳು ಇಳಿಯಲೆಂದು ಅವಳು ತಟ್ಟುವ ತಾಳ, ಬೆಲ್ಟಿನ ಪಟಪಟ, ಅವಳ ಮೈಯೊಳಗಿಂದ ಬರುವ ದನಿ, ಮೂರೂ ಸೇರಿ ನನಗೆ ಕೇಳಿಸುತ್ತಿತ್ತು. ಹಾಡೆಂದರೆ ಕಿವಿಯಿಂದಲ್ಲ, ಕೆನ್ನೆಯಿಂದ ಕೇಳುವುದು ಎಂದೇ ನಾನು ತಿಳಿದಿದ್ದೆ.

ಅಪಾಯ ಇದ್ದದ್ದು ಕರೆಂಟಿನಿಂದ. ಅದು ಹೇಳದೆ ಕೇಳದೆ ಹೋಗುತ್ತಿತ್ತು. ಒಮ್ಮೆ ಗಿರಣಿಯ ತುಂಬ ಹೆಂಗಸರು ಇರುವಾಗ, ಅವ್ವ ಬಿಹು ಹಾಡಿನ ಎತ್ತರದ ಸಾಲಿನಲ್ಲಿರುವಾಗ, ಕಲ್ಲು ಗಕ್ಕನೆ ನಿಂತಿತು. ಅವಳ ದನಿ ಮಾತ್ರ ಆ ಕೋಣೆಯಲ್ಲಿ ಉಳಿಯಿತು. ಎಲ್ಲರೂ ತಿರುಗಿದರು. ಅವ್ವ ಉಸಿರನ್ನೂ ಬದಲಿಸದೆ ಅದೇ ಸ್ವರದಲ್ಲಿ, "ಏಯ್, ಬೆಲ್ಟಿನ ಹತ್ರ ಕೈ ಇಡಬ್ಯಾಡಾ!" ಎಂದು ನನ್ನ ಮೇಲೆ ಹಾಯ್ದಳು. ನಾನು ಬೆಲ್ಟಿನಿಂದ ಎಷ್ಟೋ ದೂರ ಕಡಲೆ ತಿನ್ನುತ್ತ ನಿಂತಿದ್ದೆ. ಹೆಂಗಸರು ನನ್ನನ್ನೇ ಬೈದರು. ರಾತ್ರಿ ಊಟಕ್ಕೆ ಅವ್ವ ನನ್ನ ತಟ್ಟೆಗೆ ಎಳ್ಳು ಬೆಲ್ಲ ತುಂಬಿ ಸುರುಳಿ ಸುತ್ತಿದ ಅಕ್ಕಿ ಹಿಟ್ಟಿನ ಪಿಠಾ ಎಂಬ ತಿಂಡಿ ಒಂದು ಜಾಸ್ತಿ ಹಾಕಿದಳು.

ಅಪ್ಪ ಹೆಚ್ಚು ಮಾತಿನವನಲ್ಲ. ರೋಲರ್, ಗಿರಣಿ ಎರಡೂ ಸೇರಿ ಅವನ ಕಿವಿಯನ್ನು ಅರ್ಧ ತಿಂದಿದ್ದವು. ಆದರೆ ಕೆಲವು ಮಧ್ಯಾಹ್ನ, ಗಿರಾಕಿಗಳಿಲ್ಲದೆ ಅವ್ವ ಸುಮ್ಮನೆ ಗೋಡೆ ನೋಡುತ್ತ ಕೂತಿದ್ದರೆ, ಅವನು ಎದ್ದು ಹೋಗಿ ಕಾಳಿಲ್ಲದ ಕಲ್ಲನ್ನೇ ತಿರುಗಿಸಿಬಿಡುತ್ತಿದ್ದ. ಬರಿಗಲ್ಲು ತಿರುಗಿದರೆ ಹಲ್ಲು ಸವೆಯುತ್ತದೆ, ಮತ್ತೆ ಉಳಿ ಹಾಕಿಸಲು ನ್ಯಾಮತಿಯಿಂದ ಕಲ್ಲಿನವನನ್ನು ಕರೆಸಬೇಕು. ಅಜ್ಜಿ ಒಳಗಿಂದ ಕೂಗುತ್ತಿದ್ದಳು.

"ಕಾಳಿಲ್ದೆ ಯಾಕೋ ತಿರುಗಿಸ್ತೀಯ? ಕಲ್ಲು ಹಾಳಾಗಾಕೆ?"

"ಬೆಲ್ಟು ಸರಿ ಐತಾ ಅಂತ ನೋಡ್ತಿದೀನವ್ವಾ."

ಅವ್ವ ಎದ್ದು ಕಲ್ಲಿನ ಪಕ್ಕ ನಿಂತು ಹಾಡುತ್ತಿದ್ದಳು. ಅಪ್ಪ ಅವಳಿಗೆ ಬೆನ್ನು ತಿರುಗಿಸಿ ಬೀದಿ ನೋಡುತ್ತ ಕೂರುತ್ತಿದ್ದ. ಅವನಿಗೆ ಏನು ಕೇಳಿಸುತ್ತಿತ್ತೋ ನನಗೆ ತಿಳಿಯದು. ಗಂಡ ಹೆಂಡತಿಯ ಪ್ರೀತಿ ಎಂದರೆ ನನ್ನ ಕಣ್ಣ ಮುಂದೆ ಇವತ್ತಿಗೂ ಬರುವುದು ಆ ಬರಿಗಲ್ಲೇ.

ಆ ವರ್ಷ ಬೇಸಿಗೆ ಬೇಗ ಬಂತು. ಪರೀಕ್ಷೆ ಮುಗಿಯುವುದರೊಳಗೆ ನನಗೆ ಜ್ವರ ಬಂದು, ಎದೆಯ ಮೇಲೆ ನೀರು ತುಂಬಿದ ಗುಳ್ಳೆಗಳೆದ್ದವು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮನೆಗೇ ಬಂದು ನೋಡಿ, ಸೀತಾಳೆ ಸಿಡುಬು, ಇಳಿಯುವ ತನಕ ಕಾಯಬೇಕು ಎಂದು ಜ್ವರದ ಮಾತ್ರೆ ಕೊಟ್ಟು ಹೋದರು. ಅಜ್ಜಿ ಅದನ್ನು ಅಮ್ಮ ಎಂದಳು. ಮನೆಗೆ ಅಮ್ಮ ಬಂದಿದ್ದಾಳೆ, ಇನ್ನು ಮನೆ ಅವಳದು. ಅಜ್ಜಿಯ ಕಟ್ಟಳೆಗಳು ಒಂದೊಂದಾಗಿ ಇಳಿದವು. ಬಾಗಿಲಿಗೆ ಬೇವು, ಹಾಸಿಗೆಗೆ ಬೇವು. ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ತಣ್ಣನೆಯ ಅನ್ನ ಮೊಸರು ಮಾತ್ರ. ಹೊರಗಿನವರು ಹೊಸ್ತಿಲು ದಾಟುವ ಹಾಗಿಲ್ಲ. ಜೋರು ಮಾತಿಲ್ಲ. ಎಲ್ಲಕ್ಕಿಂತ ದೊಡ್ಡದು, ಕುಟ್ಟುವ ಹಾಗಿಲ್ಲ, ಬೀಸುವ ಹಾಗಿಲ್ಲ. ಅಪ್ಪ ಬೆಲ್ಟನ್ನು ಕಳಚಿ ಗೋಡೆಯ ಮೊಳೆಗೆ ನೇತುಹಾಕಿದ. ಹುಟ್ಟಿದಾಗಿನಿಂದ ನಡುಗುತ್ತಿದ್ದ ಮನೆ ಮೊದಲ ಸಲ ಸುಮ್ಮನೆ ನಿಂತಿತು. ಹಿತ್ತಿಲ ಬೇವಿನ ಎಲೆ ಅಲುಗುವುದು, ಎದುರು ಮನೆಯಲ್ಲಿ ಗೌರಕ್ಕ ಪಾತ್ರೆ ಇಡುವುದು, ನನ್ನ ಎದೆ ಹೊಡೆದುಕೊಳ್ಳುವುದು, ಎಲ್ಲ ಕೇಳಿಸತೊಡಗಿ ನನಗೆ ಹೆದರಿಕೆಯಾಯಿತು.

ಗುಳ್ಳೆಗಳು ಮುಖಕ್ಕೆ, ಬಾಯೊಳಗೆ, ರೆಪ್ಪೆಗೂ ಬಂದವು. ಜ್ವರ ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು. ನೀರು ನುಂಗಲೂ ಅಳು ಬರುತ್ತಿತ್ತು. ಅವ್ವ ಬೇವಿನ ಗೊಂಚಲಿನಿಂದ ಮೈ ಸವರುತ್ತ ಕೂತಿರುತ್ತಿದ್ದಳು, ತುಟಿ ಆಡುತ್ತಿದ್ದವು, ದನಿ ಇಲ್ಲ. ಕೊನೆಗೆ ಒಂದು ಬೆಳಿಗ್ಗೆ ಅಪ್ಪನಿಗೆ ಅವಳು ಹೇಳಿದ್ದು ನನ್ನ ಹಾಸಿಗೆಗೆ ಕೇಳಿಸಿತು.

"ನಮ್ಮ ಕಡೆ ಆಯಿ ಬಂದ್ರೆ, ಈ ಗುಳ್ಳೆ ಎದ್ರೆ, ನಾಮ ಹಾಡ್ಬೇಕು. ಹಾಡದಿದ್ರೆ ಆಕಿ ಹೋಗಲ್ಲ. ಒಂದು ಸ್ವಲ್ಪ ಹೊತ್ತು ಗಿರಣಿ ಹಾಕ್ರಿ, ಯಾರಿಗೂ ಕೇಳ್ಸಲ್ಲ."

ಅಪ್ಪ ಕೂಡಲೇ ಎದ್ದ. ಮೊಳೆಯಿಂದ ಬೆಲ್ಟು ತೆಗೆದು ಕೈಗೆ ಹಿಡಿದದ್ದೂ ಆಯಿತು. ಅಷ್ಟರಲ್ಲಿ ಅಜ್ಜಿ ಸ್ವಿಚ್ಚಿನ ಹಲಗೆಯ ಮುಂದೆ ಬಂದು ನಿಂತಿದ್ದಳು.

"ಅಮ್ಮ ಮನಿಯಾಗೆ ಇರಾಗ ಕಲ್ಲು ತಿರುಗಿದ್ರೆ ಮಗೀನ ಮೈಯೇ ಅರದಂಗೆ ಕಣಪ್ಪಾ. ನನ್ನ ದೂಡಿ ಹಾಕು, ಹಾಕ್ತೀಯಾ?"

ಅಪ್ಪನಿಗೆ ಆ ಕಡೆ ತಾಯಿ, ಈ ಕಡೆ ಹೆಂಡತಿ, ಕೈಯಲ್ಲಿ ಬೆಲ್ಟು. ಅವನು ಬೆಲ್ಟನ್ನು ಮತ್ತೆ ಮೊಳೆಗೆ ಹಾಕಿ ಹೊಳೆಯ ಕಡೆ ಹೋಗಿಬಿಟ್ಟ. ಅವ್ವ ಒಳಗೆ ಬಂದು ನನ್ನ ಪಕ್ಕ ಕೂತಳು. ಆಗ ನನಗೆ ಅರ್ಥವಾಗದಿದ್ದರೂ ಈಗ ಚೆನ್ನಾಗಿ ಅರ್ಥವಾಗುತ್ತದೆ, ಅವಳು ಎಂಥ ಇಕ್ಕಟ್ಟಿನಲ್ಲಿದ್ದಳು ಎಂದು. ಹಾಡದಿದ್ದರೆ ಮಗಳು ಉಳಿಯುವುದಿಲ್ಲವೆಂಬುದು ಅವಳ ನಂಬಿಕೆ. ಹಾಡಿದರೆ ಬೀದಿಗೆಲ್ಲ ಕೇಳಿಸುತ್ತದೆ, ಮಾಟಗಾತಿ ಮಗಳ ತಲೆಯ ಮೇಲೆ ಮಂತ್ರ ಹಾಕುತ್ತಿದ್ದಾಳೆ ಎಂದು ಊರು ಹೇಳುತ್ತದೆ, ಗಿರಣಿ ಮುಚ್ಚುತ್ತದೆ. ಇದಾವುದೂ ತಿಳಿಯದೆ ನಾನು ಹಟ ಹಿಡಿದೆ.

"ಅವ್ವಾ, ಜೋಳದ ಹಾಡು ಹೇಳು."

"ಗಿರಣಿ ನಿಂತೈತೆ ಮಗಾ."

"ನಿಂತ್ರೆ ನಿಂತ್ಕಳ್ಳಿ. ಹೇಳು."

ಮಧ್ಯಾಹ್ನ ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದಿತ್ತು. ಅವ್ವ ಎದ್ದು ಕೈಕಾಲು ತೊಳೆದುಕೊಂಡು ಬಂದಳು. ಬಾಳೆ ಎಲೆಯ ಮೇಲೆ ನೆನೆಸಿದ ಹೆಸರುಕಾಳು, ಬಾಳೆಹಣ್ಣು, ತೆಂಗಿನಕಾಯಿ ಚೂರು ಇಟ್ಟಳು. ಟ್ರಂಕು ತೆಗೆದು ಗಮೋಸಾ ಹೆಗಲಿಗೆ ಹಾಕಿ, ತಾಳ ಕೈಗೆ ತೆಗೆದುಕೊಂಡಳು. ಹಾಡಲು ಬಾಯಿ ತೆರೆದರೆ ಮೊದಲು ದನಿಯೇ ಹೊರಡಲಿಲ್ಲ. ಅಷ್ಟು ವರ್ಷ ಕಲ್ಲಿನ ಜೊತೆ ಸೆಣಸಿ ಹಾಡಿದ ಗಂಟಲು, ಸದ್ದಿಲ್ಲದ ಕೋಣೆಯಲ್ಲಿ ಎಷ್ಟು ಹಾಡಬೇಕೆಂದು ತಿಳಿಯದೆ ತಡವರಿಸುತ್ತಿತ್ತು. ಆಮೇಲೆ ಬಂತು. ಅವಳ ದನಿ ಹೀಗಿದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ತೆಳ್ಳಗೆ, ಸ್ವಲ್ಪ ಒಡೆದಂತೆ, ನಾನು ಕೆನ್ನೆಯಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಚಿಕ್ಕ ಹುಡುಗಿಯ ದನಿ. ನನಗೆ ಅಳು ಬಂತು, ನೋವಿಗಲ್ಲ.

ಒಂದು ಸಾಲು ಹೇಳಿ ಅವ್ವ ನಿಲ್ಲಿಸುತ್ತಿದ್ದಳು. ಬರೀ ತಾಳ ಹಾಕುತ್ತಿದ್ದಳು. ಮತ್ತೊಂದು ಸಾಲು, ಮತ್ತೆ ನಿಲುಗಡೆ. ಅಷ್ಟರಲ್ಲಿ ಅಜ್ಜಿ ಹಿತ್ತಿಲಿನಿಂದ ಬಂದು ಬಾಗಿಲಲ್ಲಿ ನಿಂತದ್ದನ್ನು ನಾನು ಕಂಡೆ. ಅವ್ವನೂ ಕಂಡಳು, ತಾಳ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ, ಈಗ ದೊಡ್ಡ ಜಗಳ ಎಂದು.

"ಯಾರ ಹಾಡೇ ಇದು?" ಅಜ್ಜಿ ಕೇಳಿದಳು.

"ಅಮ್ಮಂದು, ಅತ್ತೆ."

"ನಿಮ್ಮ ಸೀಮ್ಯಾಗೂ ಅಮ್ಮ ಬರ್ತಾಳಾ?"

"ಬರ್ತಾಳೆ. ಏಳು ಜನ ಅಕ್ಕತಂಗೇರು. ಊರಿಂದ ಊರಿಗೆ ಹೋಗ್ತಾರೆ. ಈ ಗುಳ್ಳೆ ಎಲ್ಲಾ ಅವರು ಮುಡಿಸೋ ಹೂವು ಅಂತೀವಿ. ಹಾಡಿ, ಊಟಕ್ಕಿಟ್ಟು, ಹೋಗಿ ಬಾ ತಾಯಿ ಅಂತ ಕಳಿಸ್ತೀವಿ."

"ಬೇವು?"

"ಕಟ್ತೀವಿ."

"ಒಗ್ಗರಣೆ?"

"ಹಾಕಲ್ಲ."

ಅಜ್ಜಿ ಹೊಸ್ತಿಲಿನ ಮೇಲೆ ಕೂತಳು. ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡಳು. ಅಮ್ಮನ ವಿಷಯದಲ್ಲಿ ಅಜ್ಜಿಗೆ ತನಗಿಂತ ತಿಳಿದವರಿಲ್ಲ ಎಂಬ ಜಂಬವಿತ್ತು, ಏಳು ಜನ ಅಕ್ಕತಂಗಿಯರು ಎಂದದ್ದೇ ಆ ಜಂಬಕ್ಕೆ ಪೆಟ್ಟು ಬಿದ್ದಿರಬೇಕು. ನಮ್ಮ ಕಡೆಯೂ ಮಾರಮ್ಮನ ಅಕ್ಕತಂಗಿಯರು ಏಳೇ.

"ಇಷ್ಟು ವರ್ಷ ಇದನ್ನ ಹೇಳಬಾರದಿತ್ತಾ ನನಗೆ?"

"ನೀವು ಕೇಳ್ಲಿಲ್ಲ ಅತ್ತೆ. ಹಾಡಬ್ಯಾಡ ಅಂದ್ರಿ."

ಅಜ್ಜಿ ದನಿಯನ್ನು ಎಂದಿನ ಒರಟಿಗೆ ತಂದುಕೊಂಡು ಕೇಳಿದಳು:

"ಮಧ್ಯೆ ಮಧ್ಯೆ ಯಾಕೆ ನಿಲ್ಲಿಸ್ತೀಯ? ಮರ್ತು ಹೋಗೈತಾ?"

"ಮರ್ತಿಲ್ಲ. ಅಲ್ಲಿ ಉಳಿದ ಹೆಂಗಸ್ರು ಹೇಳ್ಬೇಕು. ಇಲ್ಲಿ ಯಾರೂ ಇಲ್ಲವಲ್ಲ."

ಹೊರಗೆ ಅಷ್ಟರಲ್ಲಿ ಗುಸುಗುಸು ಶುರುವಾಗಿತ್ತು. ಗಿರಣಿ ನಿಂತ ಮನೆಯಿಂದ ಬಂದ ಹಾಡು ಬೀದಿಯ ಕೊನೆಯ ತನಕ ಹೋಗಿರಬೇಕು. ಗೌರಕ್ಕ ಮುಂದೆ, ಅವಳ ಹಿಂದೆ ನಾಲ್ಕಾರು ಹೆಂಗಸರು, ನಮ್ಮ ಮುಂಬಾಗಿಲ ಬೇವಿನ ಆಚೆ ಬಿಸಿಲಲ್ಲಿ ನಿಂತಿದ್ದರು.

"ಏನ್ ನಡಸ್ಯಾಳ್ರೀ ಒಳಗೆ ನಿಮ್ಮ ಸೊಸಿ? ಮಗೀನ ಮುಂದೆ ಇಟ್ಕಂಡು?" ಗೌರಕ್ಕನ ಮಾತು ಗಿರಣಿಯ ಖಾಲಿ ಕೋಣೆಯಲ್ಲಿ ಮೊಳಗಿ ನನ್ನ ತನಕ ಬಂತು. ಅವ್ವ ತಾಳವನ್ನು ಮಡಿಲಲ್ಲಿ ಮುಚ್ಚಿಕೊಂಡಳು.

ಅಜ್ಜಿ ಎದ್ದಳು. ಗಿರಣಿ ದಾಟಿ ಮುಂಬಾಗಿಲಿಗೆ ಹೋದಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

"ಅಮ್ಮನ ಹಾಡು ಹಾಡ್ತಿದಾಳೆ ಕಣೇ ಗೌರಿ. ಹಿಂದೆ ಹೇಳಾಕೆ ಜನ ಇಲ್ಲ. ಕೈಕಾಲು ತೊಳ್ಕಂಡು ಒಳಗೆ ಬರ್ರಿ ಎಲ್ಲಾರೂ."

"ಅಮ್ಮ ಬಂದ ಮನಿಗೆ ಹೊರಗಿನೋರು ಹೆಂಗೆ ಬರಾಕಾಕ್ಕೈತೆ? ನೀವೇ ಹೇಳ್ತಿದ್ರಲ್ಲಜ್ಜಿ."

"ನಾನೇ ಹೇಳಿದ್ದೆ. ಈಗ ಬರ್ರಿ ಅಂತ ನಾನೇ ಹೇಳ್ತಿದೀನಿ. ಬರದಿದ್ರೆ ಬಿಸಲಾಗೆ ನಿಂತ್ಕಬ್ಯಾಡ್ರಿ, ಮನಿಗೆ ಹೋಗ್ರಿ."

ಒಬ್ಬಿಬ್ಬರು ಹೋದರು. ಗೌರಕ್ಕ ಹೋಗಲಿಲ್ಲ. ಒಳಗೆ ಏನಾಗುತ್ತದೆ ಎಂದು ತಿಳಿಯದೆ ಮನೆಗೆ ಹೋದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಹಿತ್ತಿಲಲ್ಲಿ ಕಾಲು ತೊಳೆದು, ಸೆರಗು ಹೊದ್ದು, ಉಳಿದ ಹೆಂಗಸರೂ ಅವಳೂ ನನ್ನ ಹಾಸಿಗೆಯ ಸುತ್ತ ಕೂತರು. ಅವ್ವ ಅವರಿಗೆ ಚಪ್ಪಾಳೆ ತೋರಿಸಿಕೊಟ್ಟಳು. ಅದು ಬೇಗ ಬಂತು, ಭಜನೆ ಮಾಡಿದ ಕೈಗಳು. ಮಾತು ಮಾತ್ರ ಬರಲಿಲ್ಲ. ಅವ್ವ ಸಾಲು ಹೇಳಿ ನಿಲ್ಲಿಸಿದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಚಪ್ಪಾಳೆ ತಟ್ಟಿದರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಆ ಖಾಲಿ ಜಾಗ ಬಂದಾಗ ಗೌರಕ್ಕನಿಗೆ ತಡೆಯಲಾಗಲಿಲ್ಲ. ಎಷ್ಟೋ ಮದುವೆ ಚಪ್ಪರಗಳಲ್ಲಿ ಸೊಲ್ಲು ಹಿಡಿದವಳು ಅವಳು, ಖಾಲಿ ಬಿಟ್ಟ ಜಾಗ ಕಂಡರೆ ಬಾಯಿ ಸುಮ್ಮನಿರದು. ಕಣ್ಣು ಮುಚ್ಚಿ, ಗಂಟಲು ಬಿಟ್ಟು, ಎಳೆದಳು:

"ಸೋಬಾನಾ..."

ಉಳಿದವರೂ ಅದನ್ನೇ ಎಳೆದುಬಿಟ್ಟರು. ಸೋಬಾನ ಅಂದರೆ ಮದುವೆ ಹಾಡಿನ ಸೊಲ್ಲು. ಹಸೆಗೆ ಕೂರಿಸುವಾಗ, ಆರತಿ ಬೆಳಗುವಾಗ ಹೇಳುವುದು. ಜ್ವರದ ಮಗುವಿನ ಹಾಸಿಗೆಯ ಸುತ್ತ, ಸಿಡುಬಿನ ದೇವಿಯ ಮುಂದೆ ಅದನ್ನು ಯಾರೂ ಹೇಳುವುದಿಲ್ಲ. ಅಜ್ಜಿ ಗೌರಕ್ಕನನ್ನು ಸುಟ್ಟುಬಿಡುವಂತೆ ನೋಡಿದಳು. ಗೌರಕ್ಕ ತಪ್ಪು ತಿಳಿದು ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಅವ್ವ ನಿಲ್ಲಿಸಲಿಲ್ಲ. ಅರ್ಥ ಗೊತ್ತಿದ್ದೂ ನಿಲ್ಲಿಸಲಿಲ್ಲ. ಅವಳ ಮುಖ ಅರಳಿತ್ತು, ಅಷ್ಟು ವರ್ಷದ ನಂತರ ಅವಳ ಸಾಲಿಗೆ ಯಾರೋ ಓ ಎಂದಿದ್ದರು. ಮುಂದಿನ ಸಾಲು ಎತ್ತಿಕೊಂಡು, ನಿಲುಗಡೆಗೆ ಬಂದಾಗ ಗೌರಕ್ಕನ ಕಡೆ ನೋಡಿ ತಲೆ ಆಡಿಸಿದಳು. ಗೌರಕ್ಕ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಬೇರೆ ಕಡೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ, ತಾನೇ ಮೊದಲಾಗಿ ಸೋಬಾನ ಎಂದಳು. ಆಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ. ಹಾಡು ನಿಧಾನದಿಂದ ಜೋರಿಗೆ, ಜೋರಿನಿಂದ ಇನ್ನೂ ಜೋರಿಗೆ ಹೋಯಿತು. ಮನೆ ಮತ್ತೆ ನಡುಗಿದಂತಾಗಿ ನನಗೆ ನಿದ್ದೆ ಬಂತು.

ನಾನು ಉಳಿದದ್ದು ಡಾಕ್ಟರ ಮಾತ್ರೆಯಿಂದಲೋ, ಬೇವಿನಿಂದಲೋ, ತಾನಾಗಿ ಇಳಿಯುವ ಕಾಯಿಲೆ ಇಳಿದಿದ್ದರಿಂದಲೋ, ಈ ವಾದ ನಮ್ಮ ಮನೆಯಲ್ಲಿ ಅಜ್ಜಿ ಇರುವ ತನಕ ನಡೆಯಿತು. ಬೇವಿನ ನೀರು ಎರೆದು, ಮೊಸರನ್ನ ಮಾರಮ್ಮನ ಗುಡಿಗೆ ಕೊಟ್ಟು ಬಂದ ಮೇಲೆ ಅಪ್ಪ ಬೆಲ್ಟು ಹಾಕಿದ. ಗಿರಾಕಿಗಳು ಬಂದರು. ಒಂದು ಮನೆಯವರು ಮಾತ್ರ ಬರಲಿಲ್ಲ, ಕೊನೆಯ ತನಕ ಬರಲಿಲ್ಲ. ಅವರ ರಾಗಿ ಚೀಲ ನಮ್ಮ ಬಾಗಿಲು ದಾಟಿ ಹೋಗುವಾಗಲೆಲ್ಲ ಅಜ್ಜಿ, "ಹೊರ್ಲಿ, ಹೆಗಲಿಗೆ ಒಳ್ಳೇದು" ಎನ್ನುತ್ತಿದ್ದಳು. ಬೇರೆ ಬೀದಿಗಳಲ್ಲಿ ಮಕ್ಕಳಿಗೆ ಅಮ್ಮ ಬಂದರೆ ಅವ್ವನನ್ನು ಕರೆಯತೊಡಗಿದರು. ಗೌರಕ್ಕ ಜೊತೆಗೆ ಹೋಗುತ್ತಿದ್ದಳು, ಸೊಲ್ಲು ತನ್ನದೇ ಎಂಬ ಹಕ್ಕಿನಿಂದ. ಆದರೆ ಅಜ್ಜಿ ಪೂರ್ತಿ ಬದಲಾದಳು ಎಂದೇನೂ ಇಲ್ಲ. "ಅಮ್ಮಂದು ಹಾಡು. ಆ ಕುಣಿಯೋದು ಬ್ಯಾಡ" ಎಂದಳು. ಹಾಗಾಗಿ ಬಿಹು ಹಾಡು ಗಿರಣಿಯ ಸದ್ದಿನೊಳಗೇ ಉಳಿಯಿತು. ನಾನು ಕಲಿತದ್ದೆಲ್ಲ ಅದರೊಳಗಿನದು, ಹಾಗಾಗಿಯೇ ನನ್ನ ಬಾಯಿ ಇವತ್ತಿಗೂ ಮಿಕ್ಸಿಯ ಗುಂಡಿಗೆ ಕಟ್ಟಿಕೊಂಡಿದೆ.

ನಾನು ಕಾಲೇಜಿನಲ್ಲಿದ್ದಾಗ ಅವ್ವ ಒಂದೇ ಒಂದು ಸಲ ತವರಿಗೆ ಹೋಗಿ ಬಂದಳು. ಏನಾಯಿತು, ಯಾರನ್ನು ನೋಡಿದೆ ಎಂದರೆ, ಎಲ್ಲರೂ ಚೆನ್ನಾಗಿದ್ದಾರೆ, ಹೊಳೆ ಅವರ ಮನೆಯ ಹತ್ತಿರಕ್ಕೆ ಬಂದುಬಿಟ್ಟಿದೆ ಎಂದಷ್ಟೇ ಹೇಳಿದಳು. ಅಪ್ಪ, ಅಜ್ಜಿ ತೀರಿಕೊಂಡರು, ಗಿರಣಿ ಬೇರೆಯವರ ಕೈಗೆ ಹೋಯಿತು, ಅವ್ವ ನನ್ನ ಜೊತೆ ಚನ್ನಗಿರಿಯಲ್ಲಿ ಕೊನೆಯ ದಿನಗಳನ್ನು ಕಳೆದಳು. ಅವಳು ಹೋದ ಮರುವರ್ಷ ನಾನು ಆ ತಾಳವನ್ನು ಗಮೋಸಾದಲ್ಲಿ ಸುತ್ತಿಕೊಂಡು ಅಸ್ಸಾಮಿಗೆ ಹೋದೆ. ಅವ್ವನ ತಂಗಿ ಇನ್ನೂ ಇದ್ದರು. ಅವರನ್ನು ನಾನು ಮಾಹಿ ಎನ್ನಬೇಕು, ನಮ್ಮ ಚಿಕ್ಕಮ್ಮ ಇದ್ದಂತೆ. ಅವರ ಹರಕು ಹಿಂದಿ, ನನ್ನ ಹರಕು ಹಿಂದಿ, ಎರಡೂ ಸೇರಿ ಹೇಗೋ ಮಾತು ನಡೆಯುತ್ತಿತ್ತು. ಹೋದ ಸ್ವಲ್ಪ ದಿನಕ್ಕೆ ಪಕ್ಕದ ಮನೆಯ ಮಗುವಿಗೆ ಆಯಿ ಬಂದಿದ್ದಾಳೆ, ಮಧ್ಯಾಹ್ನ ನಾಮ ಇದೆ, ನೀನೂ ಬಾ ಎಂದು ಮಾಹಿ ಕರೆದರು.

ಬಿದಿರಿನ ಗೋಡೆಯ ಮನೆ, ಮಣ್ಣು ಸಾರಿಸಿದ ನೆಲ, ಬಾಳೆ ಎಲೆಯ ಮೇಲೆ ನೆನೆಸಿದ ಹೆಸರುಕಾಳು, ಬಾಳೆಹಣ್ಣು. ಮಗು ಚಾಪೆಯ ಮೇಲೆ ಮಲಗಿ ಎಲ್ಲರನ್ನೂ ಪಿಳಿಪಿಳಿ ನೋಡುತ್ತಿತ್ತು. ಬಿಳಿ ಬಟ್ಟೆಯ ಹೆಂಗಸರು ಸಾಲಾಗಿ ಕೂತು ಚಪ್ಪಾಳೆ ತಟ್ಟತೊಡಗಿದರು. ನನಗೆ ಧಾಟಿ ಕೂಡಲೇ ಸಿಕ್ಕಿತು, ಜೋಳದ ಧಾಟಿ. ಮುಂದೆ ಕೂತ ಮುದುಕಿ ಒಂದು ಸಾಲು ಹೇಳಿ ನಿಲ್ಲಿಸಿದಳು. ಉಳಿದ ಹೆಂಗಸರು, ಕನ್ನಡದ ಒಂದಕ್ಷರವೂ ಗೊತ್ತಿಲ್ಲದ ಆ ಹೆಂಗಸರು, ಒಟ್ಟಾಗಿ ಎಳೆದರು: ಹೋ ಸೋಬಾನಾ.

ನನ್ನ ಕೈ ಚಪ್ಪಾಳೆಯ ನಡುವೆ ನಿಂತುಹೋಯಿತು. ಮಾಹಿಯ ಕಿವಿಯ ಹತ್ತಿರ ಬಾಗಿ, ಈ ಮಾತು ಏನು ಎಂದು ಕೇಳಿದೆ.

"ಯಾಕೆ, ನಿನಗೆ ಗೊತ್ತಿಲ್ಲವಾ? ನಿನ್ನಮ್ಮ ಬಂದಾಗ ಕಲಿಸಿಕೊಟ್ಟಳಲ್ಲ. ನಮ್ಮ ಮನೆಯಲ್ಲಿ ಹೀಗೆ ಹೇಳುತ್ತೇವೆ, ಹೀಗೆ ಹೇಳಿದರೆ ಆಯಿ ಬೇಗ ಕೇಳಿಸಿಕೊಳ್ಳುತ್ತಾಳೆ ಅಂದಳು. ಆವತ್ತಿನಿಂದ ಈ ಊರಲ್ಲಿ ಹೀಗೇ."

"ನಮ್ಮ ಮನೆ ಅಂದಳಾ?"

"ಹೌದು. ಹೊನ್ನಾಳಿಯ ನಮ್ಮ ಮನೆ ಅಂದಳು."

ಮುದುಕಿ ಮುಂದಿನ ಸಾಲು ಎತ್ತಿಕೊಂಡಿದ್ದಳು. ನಾನು ಗಮೋಸಾ ಬಿಚ್ಚಿ ತಾಳ ಕೈಗೆ ತೆಗೆದುಕೊಂಡೆ. ಆ ಮನೆಯಲ್ಲಿ ಮೋಟಾರು ಇರಲಿಲ್ಲ, ಕಲ್ಲು ಇರಲಿಲ್ಲ, ಒಂದು ಫ್ಯಾನು ಕೂಡ ಓಡುತ್ತಿರಲಿಲ್ಲ. ಸಾಲು ಮುಗಿದು ಖಾಲಿ ಜಾಗ ಬಂತು. ಗಂಟಲು ಬಿಟ್ಟು, ಎಲ್ಲರಿಗಿಂತ ಮೊದಲು, ನಾನು ಸೋಬಾನ ಎಂದೆ.